ವಿಜಯನಗರದ ವರಹ ಯಾವ ರಾಯನದು ಅಂತ ಗುರುತಿಸೋದು ಹೇಗೆ?

ಅಂಗಿ ಗುಂಡಿಯಷ್ಟೇ ಅಗಲ, ಆದರೆ ದಪ್ಪನೆಯ ಹಳೇ ಚಿನ್ನದ ನಾಣ್ಯ. ಒಂದು ಕಡೆ ದೇವರು, ಇನ್ನೊಂದು ಕಡೆ ಮೂರು ಸಾಲು ಅಕ್ಷರ. ಹೀಗಿದ್ದರೆ ಅದು ವಿಜಯನಗರದ್ದಾಗಿರುವ ಸಾಧ್ಯತೆ ಜಾಸ್ತಿ. ಮೊದಲು ಒಂದು ಮಾತು: ಹುಣಸೆಹಣ್ಣು, ಹಲ್ಲುಪುಡಿ ಏನನ್ನೂ ಹಾಕಿ ಉಜ್ಜಬೇಡಿ. ಹೊಳಪು ಬರುತ್ತೆ, ಅಕ್ಷರ ಹೋಗುತ್ತೆ.

ಆಮೇಲೆ ತೂಕ. ಚಿನ್ನದ ಅಂಗಡಿಯ ತಕ್ಕಡಿ ಸಾಕು. ಸುಮಾರು 3.4 ಗ್ರಾಂ ಬಂದರೆ ವರಹ, 1.7 ಗ್ರಾಂ ಬಂದರೆ ಅರ್ಧ ವರಹ, ಅಂದರೆ ಪ್ರತಾಪ. 0.35 ಗ್ರಾಂ ಆಸುಪಾಸಿನ ಚಿಕ್ಕ ನಾಣ್ಯದ ಹೆಸರೇ 'ಹಣ'. 1443ರಲ್ಲಿ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಈ ಮೂರನ್ನೂ ಹೆಸರಿಸಿದ್ದಾನೆ, ಬಳಕೆಗೆ ಹೆಚ್ಚು ಬರೋದು ಹಣವೇ ಅಂತಲೂ ಹೇಳಿದ್ದಾನೆ.

ಈಗ ನಾಣ್ಯ ತಿರುಗಿಸಿ, ಅಕ್ಷರದ ಕಡೆ ನೋಡಿ. ಎಲ್ಲರೂ ದೇವರನ್ನು ನೋಡಿ ರಾಜನನ್ನು ತೀರ್ಮಾನ ಮಾಡ್ತಾರೆ, ಅಲ್ಲೇ ಎಡವೋದು. ಬಹುತೇಕ ನಾಣ್ಯಗಳಲ್ಲಿ ಲಿಪಿ ನಾಗರಿ, ಸಾಲುಗಳ ನಡುವೆ ಗೆರೆ. ಹಿಂದಿ ಓದೋಕೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಪದ ಎಲ್ಲೆಂದರಲ್ಲಿ ತುಂಡಾಗಿರುತ್ತೆ: 'ಶ್ರೀ ಪ್ರ', ಕೆಳಗೆ 'ತಾಪ ಕೃ', ಅದರ ಕೆಳಗೆ 'ಷ್ಣ ರಾಯ' (ಇಲ್ಲಿ 'ಪ್ರತಾಪ' ರಾಜನ ಬಿರುದು, ನಾಣ್ಯದ ಹೆಸರಲ್ಲ). ಕೈಯಲ್ಲಿ ಸುತ್ತಿಗೆಯಿಂದ ಹೊಡೆದು ಅಚ್ಚೊತ್ತಿದ್ದರಿಂದ ಅಂಚಿನ ಅಕ್ಷರ ಎಷ್ಟೋ ಸಲ ನಾಣ್ಯದ ಹೊರಗೇ ಉಳಿದುಬಿಟ್ಟಿರುತ್ತೆ, ಹಾಗಾಗಿ ನಡುವಿನ ಸಾಲನ್ನೇ ಮೊದಲು ಹಿಡಿಯಿರಿ. ಬೆಳಕು ಪಕ್ಕದಿಂದ ಬೀಳಲಿ, ಮೇಲಿನಿಂದ ಬೇಡ.

ಹೆಸರು ಸಿಕ್ಕ ಮೇಲೆ ಚಿತ್ರಕ್ಕೆ ಬನ್ನಿ, ಅದು ಸಾಕ್ಷಿ ಹೇಳಬೇಕು. ಹರಿಹರ, ದೇವರಾಯರ ನಾಣ್ಯಗಳಲ್ಲಿ ಸಾಮಾನ್ಯವಾಗಿ ಜೋಡಿ ದೇವರು. ಸವೆದು ಮುಖ ಕಾಣದಿದ್ದರೆ ಕೈಯಲ್ಲಿ ಏನಿದೆ ನೋಡಿ: ತ್ರಿಶೂಲ, ಜಿಂಕೆ ಇದ್ದರೆ ಉಮಾಮಹೇಶ್ವರ, ಶಂಖ ಚಕ್ರ ಇದ್ದರೆ ಲಕ್ಷ್ಮಿಯ ಜೊತೆ ನಾರಾಯಣ ಅಥವಾ ನರಸಿಂಹ. 'ಪ್ರತಾಪ ದೇವರಾಯ' ಅಂತಿದ್ದರೆ ಮಾತ್ರ ಒಂದನೆಯವನೋ ಎರಡನೆಯವನೋ ಅನ್ನೋದು ತಲೆನೋವು, ಆತುರ ಬೇಡ.

ಕೃಷ್ಣದೇವರಾಯನದು ಸುಲಭ. ಒಬ್ಬನೇ ಬಾಲಕೃಷ್ಣ, ಕೈಯಲ್ಲಿ ಬೆಣ್ಣೆ. ಉದಯಗಿರಿ ಗೆದ್ದು ಅಲ್ಲಿನ ಬಾಲಕೃಷ್ಣನನ್ನು ತಂದು ಹಂಪಿಯಲ್ಲಿ ಗುಡಿ ಕಟ್ಟಿಸಿದ ರಾಜ ಅಲ್ವಾ! ಅವನ ಕಾಲದಲ್ಲೇ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಇದನ್ನು ಗಮನಿಸಿದ್ದಾನೆ: ಇಲ್ಲಿನ ಚಿನ್ನದ ನಾಣ್ಯದಲ್ಲಿ ಎರಡು ಮೂರ್ತಿ ಇರುತ್ತವೆ, ಈ ರಾಜ ಹೊಡೆಸಿದ್ದರಲ್ಲಿ ಮಾತ್ರ ಒಂದೇ ಅಂತ. ಅಚ್ಯುತರಾಯನದು ಇನ್ನೂ ಸುಲಭ, ಆನೆಗಳನ್ನೇ ಎತ್ತಿ ಹಿಡಿದ ಗಂಡಭೇರುಂಡ. ನನ್ನ ಕಣ್ಣಿಗೆ ಈ ಸಾಲಿನಲ್ಲೇ ಚೆಂದದ ನಾಣ್ಯ ಅದು. ತಾಳಿಕೋಟೆ ಯುದ್ಧ ಆದ ಮೇಲಿನ ತಿರುಮಲರಾಯನದರಲ್ಲಿ ರಾಮ, ಸೀತೆ ಕೂತಿರುತ್ತಾರೆ, ಲಕ್ಷ್ಮಣ ಪಕ್ಕದಲ್ಲಿ ನಿಂತಿರುತ್ತಾನೆ.

ಒಂದು ಕಡೆ ಹುಷಾರಾಗಿರಿ. ಶಿವಪಾರ್ವತಿ ಕಂಡ ಕೂಡಲೇ ವಿಜಯನಗರ ಅನ್ನಬೇಡಿ. ಇಕ್ಕೇರಿ ನಾಯಕರೂ ಅದೇ ಚಿತ್ರ ಹಾಕಿದರು, ಹಿಂದೆ 'ಶ್ರೀ ಸದಾಶಿವ' ಅಂತಿರುತ್ತೆ. 1763ರಲ್ಲಿ ಅವರ ರಾಜಧಾನಿ ಬಿದನೂರು ಗೆದ್ದ ಹೈದರಾಲಿಯೂ ಆ ಚಿತ್ರ ಬದಲಿಸಲಿಲ್ಲ, ಹಿಂಬದಿಯಲ್ಲಿ ಚುಕ್ಕಿಗಳ ನಡುವೆ ತನ್ನ ಹೆಸರಿನ ಒಂದು ಪಾರಸಿ ಅಕ್ಷರ ಹಾಕಿಸಿದ.

ನಕಲಿ ಬೇಕಾದಷ್ಟಿವೆ. ಅಂಚಿನ ಸುತ್ತ ಎರಡು ಹೋಳು ಕೂಡಿಸಿದಂಥ ಗೆರೆ, ಮೈಮೇಲೆ ಸೂಜಿಮೊನೆಯಂಥ ತೂತುಗಳು ಕಂಡರೆ ಅದು ಎರಕ ಹೊಯ್ದದ್ದು. ಹೋಲಿಸೋಕೆ ಅಸಲಿ ಬೇಕಾದರೆ ಹಂಪಿ ಹತ್ತಿರದ ಕಮಲಾಪುರದ ಮ್ಯೂಸಿಯಂಗೆ ಹೋಗಿ.

ನೆಲದಲ್ಲಿ ಸಿಕ್ಕಿದ್ದಾದರೆ ಲೆಕ್ಕವೇ ಬೇರೆ. ಅದು ನಿಧಿ ಕಾನೂನಿಗೆ ಬರುತ್ತೆ, ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಮನೆಯ ಹಳೇ ನಾಣ್ಯವಾದರೂ ನೂರು ವರ್ಷ ದಾಟಿದ್ದರಿಂದ ಪುರಾತನ ವಸ್ತುವೇ, ವಿದೇಶದಲ್ಲಿರೋ ಮಗನಿಗೆ ಸುಮ್ನೆ ಕಳಿಸೋ ಹಾಗಿಲ್ಲ.