ಎಲುಬುಗಳ ಕುಣಿತ ಬಿಚ್ಚಿ ನೋಡಿದಾಗ: ನನ್ನ ಅನುಭವ

ಮಕ್ಕಳ ಹಾಡುಗಳಿಗೆ ಅನಿಮೇಷನ್ ಮಾಡುವುದು ನನ್ನ ವೃತ್ತಿ. ಒಂದೊಂದು ಹೆಜ್ಜೆಯೂ ತಾಳಕ್ಕೆ ಸರಿಯಾಗಿ ಬಿದ್ದರೂ ಕುಣಿತ ಸಪ್ಪೆಯಾಗಿರಬಹುದು ಅನ್ನುವುದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಹಾಗೇಕೆ ಆಗುತ್ತದೆ ಎಂದು ತಿಳಿಯಲು ನಾನು 1929ರ ‘ದಿ ಸ್ಕೆಲಿಟನ್ ಡ್ಯಾನ್ಸ್’ ಚಿತ್ರವನ್ನು ಫ್ರೇಮ್ ಫ್ರೇಮ್, ಅಂದರೆ ಒಂದೊಂದೇ ಬಿಡಿ ಚಿತ್ರವಾಗಿ, ಬಿಚ್ಚಿ ನೋಡಿದೆ. ಅದು ಡಿಸ್ನಿಯ ಸಿಲ್ಲಿ ಸಿಂಫನಿ ಸರಣಿಯ ಮೊದಲ ಚಿತ್ರ. ಕಪ್ಪು ಬಿಳುಪು, ಮಾತಿಲ್ಲ, ಆರು ನಿಮಿಷವೂ ಇಲ್ಲ. ರಾತ್ರಿ ಸ್ಮಶಾನದಲ್ಲಿ ನಾಲ್ಕು ಅಸ್ಥಿಪಂಜರಗಳು ಎದ್ದು ಕುಣಿಯುತ್ತವೆ, ಕೋಳಿ ಕೂಗಿದೊಡನೆ ಗೋರಿಗೆ ಓಡುತ್ತವೆ. ಕಥೆ ಎಂದರೆ ಅಷ್ಟೇ.

ಮೊದಲು ಚಿತ್ರ ಮುಚ್ಚಿ ಬರೀ ಸಂಗೀತ ಕೇಳಿದೆ. ಒತ್ತು ಬೀಳುವ ಕಡೆಯೆಲ್ಲ ಟೈಮ್‌ಲೈನಿನಲ್ಲಿ ಗುರುತು ಹಾಕಿಕೊಂಡೆ. ಆಮೇಲೆ ಧ್ವನಿ ನಿಲ್ಲಿಸಿ ಬರೀ ಚಿತ್ರ ನೋಡಿದೆ. ಪಾತ್ರ ಎಲ್ಲಿ ಕುಗ್ಗುತ್ತದೆ, ಎಲ್ಲಿ ನೆಗೆಯುತ್ತದೆ, ಪಾದ ನೆಲ ಮುಟ್ಟುವ ಫ್ರೇಮ್ ಯಾವುದು, ಎಲ್ಲವನ್ನೂ ಎಕ್ಸ್‌ಪೋಷರ್ ಶೀಟಿನಲ್ಲಿ (ಯಾವ ಫ್ರೇಮಿನಲ್ಲಿ ಏನಾಗುತ್ತದೆ ಎಂದು ಬರೆದಿಡುವ ಪಟ್ಟಿ) ಬರೆದೆ. ಸೆಕೆಂಡಿಗೆ 24 ಫ್ರೇಮ್. 12 ಫ್ರೇಮಿಗೊಂದು ಬೀಟ್ (ತಾಳದ ಪೆಟ್ಟು) ಇಟ್ಟರೆ ನಿಮಿಷಕ್ಕೆ 120 ಬೀಟ್. ಈ ಲೆಕ್ಕ ಕೈಗೆ ಹತ್ತಿದರೆ ಕಿವಿ ಕೇಳಿದ್ದನ್ನು ಕಣ್ಣು ಹುಡುಕತೊಡಗುತ್ತದೆ.

ಧ್ವನಿ ನಿಲ್ಲಿಸಿ ನೋಡುವುದೇ ನಿಜವಾದ ಪರೀಕ್ಷೆ. ಒಂದು ಅಸ್ಥಿಪಂಜರ ಇನ್ನೊಂದರ ತೊಡೆ ಎಲುಬುಗಳನ್ನು ಕಿತ್ತುಕೊಂಡು ಅದರ ಬೆನ್ನನ್ನೇ ಕ್ಸೈಲೋಫೋನ್ (ಕೋಲಿನಿಂದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ಮಾಡಿ ಬಾರಿಸುವ ದೃಶ್ಯವಿದೆ. ಅಲ್ಲಿ ಸದ್ದೇ ಇಲ್ಲದಿದ್ದರೂ ಸಂಗೀತ ಕೇಳಿದ ಹಾಗಾಗುತ್ತದೆ. ಬಾರಿಸುವವನ ಕೈಯಷ್ಟೇ ಆಡುವುದಿಲ್ಲ, ಇಡೀ ಮೈ ಏಟಿನೊಂದಿಗೆ ಹೋಗುತ್ತದೆ. ಬೆಕ್ಕಿನ ಬಾಲವನ್ನು ತಂತಿಯ ಹಾಗೆ ಎಳೆದು ನುಡಿಸುವಲ್ಲಿಯೂ ಇದೇ ಜೀವ. ಅಸ್ಥಿಪಂಜರ ಕ್ಯಾಮೆರಾದತ್ತ ನೆಗೆದು ತೆರೆಯನ್ನೇ ನುಂಗುವ ಶಾಟ್ ಇವತ್ತಿಗೂ ಮಕ್ಕಳನ್ನು ಬೆಚ್ಚಿಬೀಳಿಸುತ್ತದೆ.

ಈ ಕಸುವು ಬಂದದ್ದು ಸಂಗೀತಕ್ಕೆ ಚಿತ್ರದಷ್ಟೇ ಮಾನ ಕೊಟ್ಟದ್ದರಿಂದ. ಮೂಲ ಯೋಚನೆ ಸಂಗೀತ ಸಂಯೋಜಕ ಕಾರ್ಲ್ ಸ್ಟಾಲಿಂಗ್ ಅವರದು. ತಮ್ಮ ಫಾಕ್ಸ್‌ಟ್ರಾಟ್ (ಜೋಡಿ ಕುಣಿತದ ಒಂದು ಬಗೆಯ ಸಂಗೀತ) ಜೊತೆಗೆ ನಾರ್ವೆಯ ಸಂಗೀತ ಸಂಯೋಜಕ ಗ್ರೀಗ್ ಅವರ ಸಂಗೀತವನ್ನೂ ಅವರು ಹೆಣೆದರು. ಚಿತ್ರ ಬಿಡಿಸಿದ್ದು ಹೆಚ್ಚುಕಡಿಮೆ ಅಬ್ ಐವರ್ಕ್ಸ್ ಒಬ್ಬರೇ. ಮುಖ್ಯ ಭಂಗಿಗಳನ್ನಷ್ಟೇ ಬಿಡಿಸಿ ನಡುವಿನ ಚಿತ್ರಗಳನ್ನು ಸಹಾಯಕರಿಗೆ ಬಿಡಿ ಎಂದು ವಾಲ್ಟ್ ಡಿಸ್ನಿ ಹೇಳುತ್ತಿದ್ದರು, ಐವರ್ಕ್ಸ್ ಒಪ್ಪಲಿಲ್ಲ. ಅವರ ಹಟ ಸರಿಯಾಗಿತ್ತು ಅಂತಲೇ ನನ್ನ ಅಭಿಪ್ರಾಯ. ರಬ್ಬರಿನಂತೆ ಎಳೆದಾಡುವ ಆ ಎಲುಬುಗಳಲ್ಲಿ ಎಲ್ಲಿಯೂ ಎರಡನೆಯ ಕೈ ಕಾಣುವುದಿಲ್ಲ.

ಕೊರತೆಯೂ ಅದೇ ಶೀಟಿನಲ್ಲಿ ಸಿಕ್ಕಿತು. ನಾಲ್ಕೂ ಸಾಲಾಗಿ ಕುಣಿಯುವ ಭಾಗದಲ್ಲಿ ಒಂದೇ ಸೈಕಲ್ (ಒಮ್ಮೆ ಬಿಡಿಸಿ ಮತ್ತೆ ಮತ್ತೆ ಬಳಸುವ ಚಿತ್ರಗಳ ಸರಣಿ) ಪದೇ ಪದೇ ಬರುತ್ತದೆ. ಬಲಕ್ಕೆ ಮಾಡಿದ್ದನ್ನೇ ಎಡಕ್ಕೆ ಮಾಡುತ್ತವೆ. ಎಲ್ಲವೂ ಕೈಯಲ್ಲೇ ಬಿಡಿಸಬೇಕಾದ ಕಾಲದಲ್ಲಿ ಸೈಕಲ್ ಅನಿವಾರ್ಯ, ಅದನ್ನು ದೋಷ ಎನ್ನಲಾರೆ. ಆದರೆ ಸಂಗೀತದ ಸಾಲು ಮರುಕಳಿಸುವಾಗಲೇ ಚಿತ್ರವೂ ಮರುಕಳಿಸಿದರೆ ನೋಡುವವರಿಗೆ ಮುಂದಿನದು ಮೊದಲೇ ತಿಳಿದುಬಿಡುತ್ತದೆ. ಅಲ್ಲಿ ಧ್ವನಿ ನಿಲ್ಲಿಸಿದರೆ ಉಳಿಯುವುದು ಬರೀ ಯಂತ್ರದ ಚಲನೆ. ಇನ್ನೊಂದು ತೊಂದರೆ, ನಾಲ್ಕರಲ್ಲಿ ಯಾವುದಕ್ಕೂ ಸ್ವಂತ ಸ್ವಭಾವವಿಲ್ಲ. ಒಂದು ಸೋಮಾರಿ, ಒಂದು ಜಂಬಗಾರ ಅಂತಿದ್ದಿದ್ದರೆ ಅದೇ ಹೆಜ್ಜೆಯೇ ನಾಲ್ಕು ಬಗೆಯಾಗಿ ಕಾಣುತ್ತಿತ್ತು. ಗೂಬೆ, ಬಾವಲಿ, ಜಗಳವಾಡುವ ಬೆಕ್ಕುಗಳು ಬರುವ ಆರಂಭವಂತೂ ಭೀತಿಯನ್ನು ಚೆನ್ನಾಗಿ ಕಟ್ಟುತ್ತದೆ. ಮುಂದೆ ಆ ಭೀತಿ ಏನೂ ಆಗದೆ ಕರಗಿಹೋಗುತ್ತದೆ.

ಇದನ್ನು ನನ್ನ ಕೆಲಸಕ್ಕೆ ಹೀಗೆ ತಂದುಕೊಂಡೆ. ಪಲ್ಲವಿ ಮೊದಲ ಸಲ ಬಂದಾಗ ಒಂದು ಸೈಕಲ್ ಕಟ್ಟುತ್ತೇನೆ. ಮರಳಿ ಬಂದಾಗ ಕಾಲಿನ ಹೆಜ್ಜೆ ಹಾಗೇ ಇಟ್ಟು ತಲೆ, ಕೈ, ನೋಟ ಬದಲಿಸುತ್ತೇನೆ. ಮೂರನೆಯ ಸಲಕ್ಕೆ ಒಂದು ಪಾತ್ರ ಬೇಕೆಂದೇ ಅರ್ಧ ಬೀಟ್ ತಡವಾಗಿ ಹೆಜ್ಜೆ ಹಾಕುತ್ತದೆ, ಉಳಿದವು ಅದರತ್ತ ತಿರುಗಿ ನೋಡುತ್ತವೆ. ಅಷ್ಟರಿಂದಲೇ ಸಾಲಿನಲ್ಲಿ ನಿಂತ ಗೊಂಬೆಗಳು ಗೆಳೆಯರ ಗುಂಪಾಗುತ್ತವೆ. ಪಾದ ನೆಲ ಮುಟ್ಟುವ ಚಿತ್ರವನ್ನು ಸದ್ದಿಗಿಂತ ಒಂದೆರಡು ಫ್ರೇಮ್ ಮೊದಲೇ ಇಡುತ್ತೇನೆ; ಕರಾರುವಾಕ್ಕಾಗಿ ಅದೇ ಫ್ರೇಮಿನಲ್ಲಿಟ್ಟರೆ ಕಣ್ಣಿಗೆ ತಡವಾದಂತೆ ಕಾಣುತ್ತದೆ.

ಅಮೆರಿಕದಲ್ಲಿ 2025ರ ಜನವರಿ 1ರಿಂದ ಈ ಚಿತ್ರದ ಮೇಲೆ ಹಕ್ಕುಸ್ವಾಮ್ಯವಿಲ್ಲ, ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಅನಿಮೇಷನ್ ಕಲಿಯುತ್ತಿರುವವರು ಇಡೀ ಚಿತ್ರದ ಬದಲು ಕ್ಸೈಲೋಫೋನ್ ದೃಶ್ಯ ಒಂದನ್ನು, ಸಾಲು ಕುಣಿತ ಒಂದನ್ನು ಆರಿಸಿಕೊಂಡು ಪಕ್ಕಪಕ್ಕ ಶೀಟ್ ಬರೆಯಿರಿ. ಸಮಯವಿದ್ದರೆ ಕೊನೆಯ ಶಾಟನ್ನೂ ಸೇರಿಸಿಕೊಳ್ಳಿ: ಗೋರಿಯ ಹೊರಗೆ ಉಳಿದುಹೋದ ಒಂದು ಜೊತೆ ಪಾದಗಳನ್ನು ಒಳಗಿನಿಂದ ಬಂದ ಕೈ ಎಳೆದುಕೊಳ್ಳುತ್ತದೆ. ಇಡೀ ಚಿತ್ರದಲ್ಲಿ ಸ್ವಭಾವವಿರುವ ಪಾತ್ರ ಅಂತಿದ್ದರೆ ನನ್ನ ಲೆಕ್ಕಕ್ಕೆ ಆ ಪಾದಗಳೇ.