ವೇಸ್ಟ್‌ಗೇಟ್ ಹೊಗೆ ಎಲ್ಲಿಗೆ ಹೋಗಬೇಕು? ಟರ್ಬೊ ಕಾರಿನ ಡಂಪ್ ಪೈಪ್ ಲೆಕ್ಕಾಚಾರ

ಎಕ್ಸ್‌ಟರ್ನಲ್ ವೇಸ್ಟ್‌ಗೇಟ್ (ಟರ್ಬೊದ ಹೊರಗೆ ಬೇರೆಯಾಗಿ ಕೂರಿಸುವ ಗೇಟ್) ತಂದು, ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆ ಕೂಡಿಸಿ ಟರ್ಬೊಗೆ ಒಯ್ಯುವ ಕೊಳವೆಗಳ ಗೊಂಚಲು) ವೆಲ್ಡ್ ಮಾಡಿಸಿ, ಎಲ್ಲ ಕೂರಿಸಿದ ಮೇಲೆ ‘ಇದರ ಪೈಪನ್ನು ಯಾವ ಕಡೆ ತಿರುಗಿಸೋಣ’ ಎಂದು ಕೇಳುವುದು, ಮನೆ ಕಟ್ಟಿ ಮುಗಿಸಿ ಬಚ್ಚಲ ನೀರಿಗೆ ಮೋರಿ ಹುಡುಕಿದ ಹಾಗೆ. ಟರ್ಬೊ ಎಂದರೆ ಎಂಜಿನ್ನಿನ ಹೊಗೆಯಿಂದ ಟರ್ಬೈನ್ ಎಂಬ ಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಯಂತ್ರ, ಆ ಗಾಳಿಯ ಒತ್ತಡವೇ ಬೂಸ್ಟ್. ಬೂಸ್ಟ್ ಮಿತಿ ಮೀರದಂತೆ ಹೆಚ್ಚಿನ ಹೊಗೆಯನ್ನು ಟರ್ಬೈನ್ ತಪ್ಪಿಸಿ ಪಕ್ಕಕ್ಕೆ ಬಿಡುವ ವಾಲ್ವ್ ವೇಸ್ಟ್‌ಗೇಟ್, ಆ ಹೊಗೆ ಸಾಗುವ ಪೈಪ್ ಡಂಪ್ ಪೈಪ್. ಮೊದಲು ಪೈಪ್ ಹೋಗುವ ದಾರಿ ಗೊತ್ತಾಗಬೇಕು, ಆಮೇಲೆ ಗೇಟ್ ಎಲ್ಲಿ ಕೂರುತ್ತದೆ ಎಂಬುದು, ಕೊನೆಗೆ ಮ್ಯಾನಿಫೋಲ್ಡ್. ಬೆಂಗಳೂರಿನ ಗ್ಯಾರೇಜುಗಳಲ್ಲಿ ಈ ಕ್ರಮ ತಲೆಕೆಳಗಾಗುವುದೇ ಹೆಚ್ಚು. ಆಮೇಲೆ ಸ್ಟೀರಿಂಗ್ ರ‍್ಯಾಕ್ ಅಡ್ಡ ಬಂತು, ಎಸಿ ಪೈಪ್ ಅಡ್ಡ ಬಂತು ಎಂದು ಎರಡು ಕಡೆ 90 ಡಿಗ್ರಿ ಬೆಂಡ್ ಹಾಕಿ ಮುಗಿಸುತ್ತಾರೆ. ಬೂಸ್ಟ್ ಹಿಡಿತಕ್ಕೆ ಸಿಗದೆ ಹೋಗುವುದು ಅಲ್ಲಿಂದಲೇ.

ಈ ಕೆಲಸ ನಿಮ್ಮ ಕಾರಿಗೆ ಬೇಕೇ ಎಂಬುದನ್ನು ಮೊದಲು ನೋಡಿ. ವೇರಿಯಬಲ್ ಜಾಮೆಟ್ರಿ ಟರ್ಬೊ ಇರುವ ಡೀಸೆಲ್ ಕಾರಿನಲ್ಲಿ ಸಾಮಾನ್ಯವಾಗಿ ವೇಸ್ಟ್‌ಗೇಟೇ ಇರುವುದಿಲ್ಲ, ಟರ್ಬೈನ್ ಸುತ್ತಲಿನ ರೆಕ್ಕೆಗಳು ತಿರುಗಿ ಬೂಸ್ಟ್ ನಿಯಂತ್ರಿಸುತ್ತವೆ. ಫೋಕ್ಸ್‌ವ್ಯಾಗನ್, ಸ್ಕೋಡಾದ 1.0 ಟಿಎಸ್‌ಐ ಥರದ ಎಂಜಿನ್ನುಗಳಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್‌ನೊಳಗೇ ಎರಕ ಹೊಯ್ದಿರುತ್ತದೆ, ಟರ್ಬೊದ ಒಳಗಿನ ವೇಸ್ಟ್‌ಗೇಟನ್ನು ಎಲೆಕ್ಟ್ರಿಕ್ ಮೋಟರ್ ನಡೆಸುತ್ತದೆ. ಅಂಥದ್ದಕ್ಕೆ ಹೊರಗಿನ ಗೇಟ್ ಹಾಕುವುದು ದುಬಾರಿ ತಲೆನೋವು. ಕಂಪನಿಯೇ ಕೊಟ್ಟ ಟರ್ಬೊ, ಸಣ್ಣ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಇಷ್ಟೇ ಆಗಿದ್ದರೆ ಒಳಗಿನ ಗೇಟ್ ಸಾಕು. ದೊಡ್ಡ ಟರ್ಬೊ, ಹೊಸ ಮ್ಯಾನಿಫೋಲ್ಡ್ ಎಂದಾಗ ಮಾತ್ರ ಮುಂದೆ ಓದಿ.

ಒಂದು ವಿಷಯ ತಲೆಯಲ್ಲಿ ಇಟ್ಟುಕೊಂಡರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಡೌನ್‌ಪೈಪಿನಲ್ಲಿ, ಅಂದರೆ ಟರ್ಬೊದಿಂದ ಕೆಳಗಿಳಿಯುವ ಮುಖ್ಯ ಹೊಗೆ ಪೈಪಿನಲ್ಲಿ, ಹೋಗುವುದು ಟರ್ಬೈನ್ ತಿರುಗಿಸಿ ಶಾಖ ಕಳೆದುಕೊಂಡ ಹೊಗೆ. ವೇಸ್ಟ್‌ಗೇಟ್ ಪೈಪಿನಲ್ಲಿ ಹೋಗುವುದು ಟರ್ಬೈನನ್ನು ಮುಟ್ಟದೇ ಬಂದ ಹೊಗೆ. ಪೆಟ್ರೋಲ್ ಎಂಜಿನ್ ಪೂರ್ತಿ ಲೋಡಿನಲ್ಲಿರುವಾಗ ಅದು 800ರಿಂದ 950 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಗೇಟ್ ಮುಚ್ಚಿದ್ದಾಗ ಈ ಪೈಪ್ ಹೆಚ್ಚುಕಡಿಮೆ ತಣ್ಣಗಿರುತ್ತದೆ, ತೆರೆದ ಕೂಡಲೇ ಕೆಂಡವಾಗುತ್ತದೆ, ಮತ್ತೆ ಆರುತ್ತದೆ. ಒಂದು ಸಲ ಸಿಗ್ನಲ್ ದಾಟಿ ಆಕ್ಸಿಲರೇಟರ್ ತುಳಿದರೆ ಇಷ್ಟೂ ನಡೆದುಹೋಗುತ್ತದೆ. ಬಿರುಕು ಬಿಡುವುದು ಡೌನ್‌ಪೈಪಿಗಿಂತ ಮೊದಲು ಈ ಪೈಪೇ ಯಾಕೆ ಎಂಬುದಕ್ಕೆ ಕಾರಣ ಇದು.

ದಾರಿಗಳು ಎರಡೇ

ಮೊದಲನೆಯದು ಬಯಲಿಗೆ ಬಿಡುವುದು, ಹುಡುಗರ ಬಾಯಲ್ಲಿ ಸ್ಕ್ರೀಮರ್ ಪೈಪ್. ಗೇಟಿನಿಂದ ಒಂದು ಗಿಡ್ಡ ಪೈಪ್ ಹೊರಟು ಕಾರಿನ ಅಡಿಯಲ್ಲೋ ಫೆಂಡರ್ ಪಕ್ಕದಲ್ಲೋ ಮುಗಿಯುತ್ತದೆ. ಹಗುರ, ಅಗ್ಗ, ಕೂರಿಸುವುದು ಸಲೀಸು. ಗೇಟಿನ ಹಿಂದೆ ಒತ್ತಡ ಕಟ್ಟುವುದಿಲ್ಲ, ಆದ್ದರಿಂದ ಬೂಸ್ಟ್ ಹಿಡಿತ ಚೆನ್ನಾಗಿರುತ್ತದೆ. ಶಬ್ದ ಮಾತ್ರ ಕಿವಿ ಸೀಳುವಂಥದ್ದು. ಹೊಗೆಯ ಹೊಡೆತಗಳನ್ನು ಮೆತ್ತಗೆ ಮಾಡಲು ಟರ್ಬೈನೂ ಇಲ್ಲ, ಸೈಲೆನ್ಸರೂ ಇಲ್ಲ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರೂ ಇಲ್ಲ.

ಎರಡನೆಯದು ಮರಳಿ ಸೇರಿಸುವುದು. ಗೇಟಿನಿಂದ ಹೊರಟ ಪೈಪ್ ಕೆಳಗೆ ಹೋಗಿ ಡೌನ್‌ಪೈಪಿಗೆ ಕೂಡಿಕೊಳ್ಳುತ್ತದೆ, ಎಲ್ಲ ಹೊಗೆಯೂ ಕನ್ವರ್ಟರ್ ಮತ್ತು ಸೈಲೆನ್ಸರ್ ಮೂಲಕವೇ ಹೋಗುತ್ತದೆ. ಇದರಲ್ಲಿ ಶಕ್ತಿ ಕಡಿಮೆ ಎಂಬ ಮಾತು ಬಹಳ ಚಾಲ್ತಿಯಲ್ಲಿದೆ. ಕಡಿಮೆಯಾಗುವುದು ಕೆಟ್ಟದಾಗಿ ಸೇರಿಸಿದಾಗ. ಟರ್ಬೈನ್ ಬಾಯಿಂದ ಒಂದು ಗೇಣೂ ದೂರವಿಲ್ಲದ ಕಡೆ, ನೇರ 90 ಡಿಗ್ರಿಯಲ್ಲಿ ಪೈಪ್ ಚುಚ್ಚಿದರೆ, ಟರ್ಬೈನಿನಿಂದ ಸುಳಿ ಸುತ್ತಿಕೊಂಡು ಬರುವ ಹೊಗೆಗೆ ಇದು ಅಡ್ಡ ನುಗ್ಗಿ ಎರಡೂ ಕಟ್ಟುತ್ತವೆ. ಸರಿಯಾಗಿ ಸೇರಿಸಿದರೆ ಬೀದಿಯಲ್ಲಿ ಓಡುವ ಕಾರಿನಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಚಿಕ್ಕದು.

ಒಳಗಿನ ಗೇಟ್ ಇಟ್ಟುಕೊಂಡು ಡೌನ್‌ಪೈಪ್ ಮಾತ್ರ ಬದಲಿಸುವವರಿಗೂ ಇದೇ ಪ್ರಶ್ನೆ ಬರುತ್ತದೆ: ಎರಡೂ ತೂತುಗಳನ್ನು ಒಂದೇ ಅಗಲ ಬಾಯಿಯಲ್ಲಿ ಮುಚ್ಚುವುದೋ, ಗೇಟಿನ ಹೊಗೆಗೆ ಬೇರೆ ಕೊಳವೆ ಕೊಡುವುದೋ? ಅಗಲ ಬಾಯಿಯದು ಮಾಡಲು ಸುಲಭ, ಬಿರುಕು ಕಡಿಮೆ. ಬೇರೆ ಕೊಳವೆಯದ್ದರಲ್ಲಿ ನಡುವಿನ ಗೋಡೆ ಗೇಟಿನ ಫ್ಲಾಪ್ (ಮುಚ್ಚಳ) ತೆರೆಯುವ ಜಾಗಕ್ಕೆ ಅಡ್ಡ ಬರದಂತೆ ನೋಡಬೇಕು. ಫ್ಲಾಪ್ ಅರ್ಧ ತೆರೆದು ಗೋಡೆಗೆ ತಾಗಿ ನಿಂತು ಬೂಸ್ಟ್ ಏರಿ ಎಂಜಿನ್ ಹೋದದ್ದು ಹೊಸ ಸುದ್ದಿಯಲ್ಲ. ಹೆಚ್ಚಿನವರಿಗೆ ಅಗಲ ಬಾಯಿಯೇ ಒಳ್ಳೆಯದು.

ಬೀದಿ ಕಾರಿಗೆ ಸ್ಕ್ರೀಮರ್ ಯಾಕೆ ಬೇಡ

ಕಾನೂನಿನ ಮಾತು ಮೊದಲು. ಕನ್ವರ್ಟರ್ ಮತ್ತು ಸೈಲೆನ್ಸರ್ ತಪ್ಪಿಸಿ ಹೊಗೆ ಬಿಡುವ ಕಾರನ್ನು ರಸ್ತೆಯಲ್ಲಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2) ಅನ್ವಯ 10,000 ರೂಪಾಯಿವರೆಗೆ ದಂಡ, ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಮೊದಲ ತಪ್ಪಿಗೇ 3 ತಿಂಗಳು ಲೈಸೆನ್ಸ್ ಅನರ್ಹವಾಗುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ ಅನುಮತಿ ಇಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ‘ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ’ ಎಂಬ ವಾದ ನಿಲ್ಲದು. ಆ ಟೆಸ್ಟ್ ನಡೆಯುವುದು ಕಾರು ನಿಂತಿರುವಾಗ, ಆಗ ಗೇಟ್ ಮುಚ್ಚಿರುತ್ತದೆ. ಮರಳಿ ಸೇರಿಸುವ ಪೈಪೂ ಮಾರ್ಪಾಡೇ, ಅದಕ್ಕೆ ವಿನಾಯಿತಿ ಇದೆ ಎಂದು ತಿಳಿಯಬೇಡಿ. ಆದರೆ ಅದು ಪಕ್ಕದ ಆಟೋದವನ ಕಿವಿಗೂ ಮೂಗಿಗೂ ಹೊಡೆಯುವುದಿಲ್ಲ.

ಇನ್ನು ಊರಿನ ಮಾತು. ಮಳೆಗಾಲದಲ್ಲಿ ನಮ್ಮ ಅಂಡರ್‌ಪಾಸುಗಳಲ್ಲಿ ನೀರು ನಿಂತಾಗ ಕೆಳಮುಖವಾಗಿ ತೆರೆದ ಪೈಪಿಗೆ ನೀರು ಚಿಮ್ಮುತ್ತದೆ. ಕಾದ ಗೇಟಿನ ವಾಲ್ವ್ ಮತ್ತು ಅದು ಕೂರುವ ಅಂಚಿನ (ಸೀಟ್) ಮೇಲೆ ತಣ್ಣೀರು ಬಿದ್ದರೆ ಸೀಟ್ ಸೊಟ್ಟಗಾಗಿ ಗೇಟ್ ಸೋರಲು ಶುರು. ಬಡಾವಣೆಯ ಹಂಪುಗಳಿಗೆ ಕಾರಿನ ಅತಿ ಕೆಳಗಿನ ಭಾಗ ತಾಗಿಯೇ ತಾಗುತ್ತದೆ, ಅದು ನಿಮ್ಮ ಡಂಪ್ ಪೈಪ್ ಆಗಬಾರದು. ಟ್ರ್ಯಾಕಿಗೆಂದೇ ಇರುವ ಕಾರು, ಟ್ರೇಲರ್ ಮೇಲೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗುವ ಕಾರು ಎಂದರೆ ಸ್ಕ್ರೀಮರ್ ಸರಿ. ಅಲ್ಲೂ ಬಾಯಿ ತಿರುಗಿರುವ ದಿಕ್ಕು ನೋಡಿ. ಟಯರ್, ಬ್ರೇಕ್ ಹೋಸ್, ಡ್ರೈವ್‌ಶಾಫ್ಟಿನ ರಬ್ಬರ್ ಬೂಟ್, ಆಯಿಲ್ ಸಂಪ್, ಪ್ಲಾಸ್ಟಿಕ್ ಅಂಡರ್‌ಟ್ರೇ, ಇವುಗಳ ಕಡೆ ಮುಖ ಮಾಡಿದ್ದರೆ ಬೆಂಕಿಗೆ ಆಹ್ವಾನ ಕೊಟ್ಟಂತೆ. ಒಣ ಹುಲ್ಲಿನ ಮೇಲೆ ಕಾರು ನಿಲ್ಲಿಸುವಂತೆಯೂ ಇಲ್ಲ.

ಅಳತೆ

ಡಂಪ್ ಪೈಪಿನ ಒಳವ್ಯಾಸ ಗೇಟಿನ ಹೊರಬಾಯಿಗಿಂತ ಎಲ್ಲಿಯೂ ಕಿರಿದಾಗಬಾರದು. 38 ಮಿ.ಮೀ. ಗೇಟಿಗೆ 38ರಿಂದ 44 ಮಿ.ಮೀ., 44 ಅಥವಾ 45ರ ಗೇಟಿಗೆ 45ರಿಂದ 50 ಮಿ.ಮೀ. ಸಾಕು. ಗೇಟಿನ ಗಾತ್ರದ ವಿಷಯದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಹೆಚ್ಚು ಬೂಸ್ಟ್ ಎಂದರೆ ದೊಡ್ಡ ಗೇಟ್ ಎಂದುಕೊಳ್ಳುತ್ತಾರೆ, ನಿಜ ಇರುವುದು ಉಲ್ಟಾ. ಹೆಚ್ಚು ಬೂಸ್ಟ್ ಬೇಕಾದರೆ ಹೊಗೆಯ ಬಹುಪಾಲು ಟರ್ಬೈನಿಗೇ ಹೋಗಬೇಕು, ಗೇಟಿಗೆ ಕೆಲಸ ಕಡಿಮೆ. ಸಣ್ಣ ಟರ್ಬೈನ್, ದೊಡ್ಡ ಎಂಜಿನ್, ಕಡಿಮೆ ಬೂಸ್ಟ್ ಎಂದಾಗಲೇ ಗೇಟ್ ದೊಡ್ಡದಿರಬೇಕು.

ಮ್ಯಾನಿಫೋಲ್ಡಿನಿಂದ ಗೇಟಿಗೆ ಹೋಗುವ ಕವಲು ಹೊಗೆಯ ಹರಿವಿನ ದಿಕ್ಕಿಗೆ 45 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಓರೆಯಲ್ಲಿ, ಎಲ್ಲ ರನ್ನರ್‌ಗಳೂ (ಒಂದೊಂದು ಸಿಲಿಂಡರಿನ ಹೊಗೆ ಕೊಳವೆಗಳು) ಕೂಡಿದ ಮೇಲೆ ಹೊರಡಬೇಕು. ಒಂದೇ ಸಿಲಿಂಡರಿನ ರನ್ನರಿಗೆ ಸಿಕ್ಕಿಸಿದ ಗೇಟ್, ಹಿಮ್ಮುಖವಾಗಿ ಕೂರಿಸಿದ ಗೇಟ್, ಇವಕ್ಕೆ ಎಂಥ ಒಳ್ಳೆಯ ಡಂಪ್ ಪೈಪ್ ಹಾಕಿದರೂ ದಕ್ಕದು. ಟ್ವಿನ್ ಸ್ಕ್ರೋಲ್ (ಹೊಗೆಗೆ ಎರಡು ಬೇರೆ ದಾರಿ ಇರುವ) ಟರ್ಬೊ ಆದರೆ ಎರಡು ಕವಲುಗಳೂ ವಾಲ್ವಿನವರೆಗೆ ಬೇರೆಬೇರೆಯೇ ಇರಬೇಕು, ವಾಲ್ವ್ ದಾಟಿದ ಮೇಲೆ ಕೂಡಿಸಬಹುದು.

ಮರಳಿ ಸೇರುವ ಜಾಗ ಟರ್ಬೈನ್ ಬಾಯಿಂದ 300ರಿಂದ 450 ಮಿ.ಮೀ. ಕೆಳಗೆ ಇರಲಿ, ಸೇರುವ ಕೋನ 30 ಡಿಗ್ರಿ ಅಥವಾ ಕಡಿಮೆ. ಕನ್ವರ್ಟರಿಗಿಂತ ಮುಂಚೆಯೇ ಸೇರಬೇಕು, ಇಲ್ಲದಿದ್ದರೆ ಮರಳಿಸಿ ಏನು ಬಂತು? ಕನ್ವರ್ಟರ್ ಟರ್ಬೊದ ಬಾಯಿಗೇ ಅಂಟಿಕೊಂಡಿರುವ ಕಾರುಗಳಲ್ಲಿ ಈ 300 ಮಿ.ಮೀ. ಸಿಗುವುದಿಲ್ಲ. ಕನ್ವರ್ಟರನ್ನು ಕೆಳಗೆ ಸರಿಸಿದರೆ ಅದು ಬಿಸಿಯಾಗಿ ಕೆಲಸ ಶುರುಮಾಡಲು ತಡವಾಗುತ್ತದೆ. ಅಲ್ಲಿ ಕೋನವನ್ನಾದರೂ ಬಿಗಿಯಾಗಿ ಹಿಡಿಯಿರಿ. ಎರಡು ಪೈಪ್ ಕೂಡುವ ಜಾಗದ ಎದುರಿಗೇ ಆಕ್ಸಿಜನ್ ಸೆನ್ಸರ್ ಇರಬಾರದು, ಬಿಸಿ ಹೊಗೆ ನೇರ ಬಡಿದು ಬೇಗ ಸಾಯುತ್ತದೆ.

ಕಟ್ಟುವುದು

ಪೈಪ್ 304 ದರ್ಜೆಯ ಸ್ಟೇನ್‌ಲೆಸ್, 1.6 ಮಿ.ಮೀ. ದಪ್ಪ. 321 ಸಿಕ್ಕರೆ ಬಿಸಿಗೆ ಇನ್ನೂ ಚೆನ್ನಾಗಿ ತಡೆಯುತ್ತದೆ. ರೇಲಿಂಗ್ ಮಾಡುವ ಅಂಗಡಿಯಲ್ಲಿ ಹೊಳೆಯುವ ತೆಳು ಪೈಪ್ ಅಗ್ಗಕ್ಕೆ ಸಿಗುತ್ತದೆ, ಅದು ಬಾಲ್ಕನಿಗೆ ಚೆಂದ, ಇಲ್ಲಿಗಲ್ಲ. ಫ್ಲೇಂಜುಗಳನ್ನು (ಬೋಲ್ಟ್ ಹಾಕಿ ಪೈಪ್ ಜೋಡಿಸುವ ತಟ್ಟೆಗಳು) ಪೀಣ್ಯದ ಕಡೆ ಲೇಸರ್ ಕಟಿಂಗ್ ಮಾಡುವ ಯಾವ ಶೆಡ್ಡಿನಲ್ಲಾದರೂ ಕೊರೆಸಬಹುದು, 10 ಮಿ.ಮೀ. ದಪ್ಪ ಇರಲಿ. ವಿ-ಬ್ಯಾಂಡ್ ಕ್ಲಾಂಪ್ (ಎರಡು ಪೈಪ್ ತುದಿಗಳನ್ನು ಸುತ್ತ ಬಿಗಿಯುವ ಬಳೆ) ಆದರೆ ಗಂಡು-ಹೆಣ್ಣು ಅಂಚಿನದನ್ನೇ ತೆಗೆದುಕೊಳ್ಳಿ. ಚಪ್ಪಟೆ ಅಂಚಿನದು ಕೂರಿಸುವಾಗ ಜಾರುತ್ತದೆ.

ಮೊದಲು ದಪ್ಪ ತಂತಿ ಬಗ್ಗಿಸಿ, ಅದರ ಮೇಲೆ ಪಿವಿಸಿ ಪೈಪ್ ತುಂಡುಗಳನ್ನು ಜೋಡಿಸಿ ದಾರಿ ನೋಡಿಕೊಳ್ಳಿ. ಗಟ್ಟಿ ಲೋಹಕ್ಕೆ ಕನಿಷ್ಠ 25 ಮಿ.ಮೀ., ರಬ್ಬರ್, ವೈರ್, ಪ್ಲಾಸ್ಟಿಕ್ಕಿಗೆ 50ಕ್ಕಿಂತ ಹೆಚ್ಚು ಅಂತರ, ನಡುವೆ ತಗಡಿನ ಹೀಟ್ ಶೀಲ್ಡ್. ಅಡ್ಡ ಕೂತ ಎಂಜಿನ್ ಆಕ್ಸಿಲರೇಟರ್ ತುಳಿದಾಗ ಹಿಂದೆ ಮುಂದೆ ತೂಗುತ್ತದೆ, ನಿಂತ ಕಾರಿನಲ್ಲಿ ಕಂಡ ಅಂತರವನ್ನು ನಂಬಬೇಡಿ.

ಕಾರಿನ ಮೇಲೆ ಟ್ಯಾಕ್ (ಅಲ್ಲಲ್ಲಿ ಚುಕ್ಕೆ ವೆಲ್ಡ್) ಮಾತ್ರ ಹಾಕಿ. ಪೂರ್ತಿ ವೆಲ್ಡಿಂಗ್ ಹೊರಗೆ ತೆಗೆದು ಆಗಲಿ, ಫ್ಲೇಂಜನ್ನು ದಪ್ಪ ಕಬ್ಬಿಣದ ಪಟ್ಟಿಗೆ ಬೋಲ್ಟ್ ಹಾಕಿ ಬಿಗಿದುಕೊಂಡು. ಇಲ್ಲದಿದ್ದರೆ ಬಾಳೆಲೆಯಂತೆ ಸುರುಳುತ್ತದೆ. ಗೇಟನ್ನು ಸಿಕ್ಕಿಸಿಟ್ಟು ವೆಲ್ಡ್ ಮಾಡಿದರೆ ಒಳಗಿನ ಡಯಾಫ್ರಮ್ (ಗಾಳಿಯ ಒತ್ತಡಕ್ಕೆ ಬಾಗಿ ವಾಲ್ವ್ ತೆರೆಯುವ ಪೊರೆ) ಬೆಂದುಹೋಗುತ್ತದೆ. ಆರ್ಗಾನ್ ವೆಲ್ಡಿಂಗೇ ಆಗಬೇಕು, ಪೈಪಿನ ಒಳಗೂ ಆರ್ಗಾನ್ ತುಂಬಿರಬೇಕು. ಒಳಗೆ ಗ್ಯಾಸ್ ಬಿಡದಿದ್ದರೆ ವೆಲ್ಡಿನ ಒಳಮೈಯಲ್ಲಿ ಕಪ್ಪು ಹರಳು ಕಟ್ಟಿ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಸ್ಟೇನ್‌ಲೆಸ್‌ಗೆ ಸ್ಟೇನ್‌ಲೆಸ್ ಸೇರಿಸಲು 308ಎಲ್ ಫಿಲ್ಲರ್ (ವೆಲ್ಡ್ ತುಂಬುವ ಕಡ್ಡಿ), ಎಂಎಸ್ (ಮೈಲ್ಡ್ ಸ್ಟೀಲ್) ಪೈಪಿಗೆ ಸೇರಿಸುವುದಾದರೆ 309ಎಲ್. ‘ಎಲ್ಲಕ್ಕೂ ಇದೇ ಕಡ್ಡಿ ನಡೆಯುತ್ತೆ ಸಾರ್’ ಎಂದರೆ ಬೇರೆ ವೆಲ್ಡರ್ ಹುಡುಕಿ.

ಈಗ ಹಿಗ್ಗುವ ವಿಷಯ. 400 ಮಿ.ಮೀ. ಉದ್ದದ 304 ಪೈಪ್ 600 ಡಿಗ್ರಿ ಹೆಚ್ಚು ಕಾದರೆ ಸುಮಾರು 4 ಮಿ.ಮೀ. ಬೆಳೆಯುತ್ತದೆ. ಪಕ್ಕದ ಡೌನ್‌ಪೈಪ್ ಬೇರೆ ಬಿಸಿಯಲ್ಲಿರುವುದರಿಂದ ಬೇರೆ ಅಳತೆಗೆ ಬೆಳೆದಿರುತ್ತದೆ. ಎರಡೂ ತುದಿ ಗಟ್ಟಿಯಾಗಿ ಕಟ್ಟಿದ್ದರೆ ಈ 4 ಮಿ.ಮೀ. ಹೋಗುವುದೆಲ್ಲಿಗೆ? ಕೂಡು ವೆಲ್ಡಿಗೆ, ಇಲ್ಲವೇ ಮ್ಯಾನಿಫೋಲ್ಡಿನ ಕವಲಿಗೆ. ಹಾಗಾಗಿ ಮರಳಿ ಸೇರುವ ಪೈಪಿನಲ್ಲಿ 100 ಮಿ.ಮೀ. ಉದ್ದದ, ಒಳಪದರ ಇರುವ ಸ್ಟೇನ್‌ಲೆಸ್ ಫ್ಲೆಕ್ಸ್ ಬೆಲ್ಲೋಸ್ (ಮಡಿಕೆಗಳಿದ್ದು ಬಗ್ಗುವ ತುಂಡು) ಬೇಕೇಬೇಕು. ಜಾರುವ ಜೋಡಣೆಯೂ ನಡೆಯುತ್ತದೆ, ಆದರೆ ಅದು ಸ್ವಲ್ಪ ಸೋರುತ್ತದೆ. ಐಡ್ಲಿನಲ್ಲಿ ಗಾಳಿ ಎಳೆದುಕೊಂಡರೆ ಸೆನ್ಸರ್ ಪೆಟ್ರೋಲ್ ಕಡಿಮೆ ಇದೆ ಎಂದು ತಿಳಿದು ಇಸಿಯು (ಎಂಜಿನ್ ಕಂಪ್ಯೂಟರ್) ಸುಮ್ಮನೆ ಪೆಟ್ರೋಲ್ ಸುರಿಯುತ್ತದೆ. ಭಾರ ಹೊರುವ ಬ್ರಾಕೆಟ್ ಎಂಜಿನ್ನಿಗೋ ಗೇರ್‌ಬಾಕ್ಸಿಗೋ ಇರಲಿ, ಕಾರಿನ ಬಾಡಿಯ ಮೇಲೆ ಬೇಡ. ಎಂಜಿನ್ ತೂಗುತ್ತದೆ, ಬಾಡಿ ತೂಗುವುದಿಲ್ಲ, ನಡುವೆ ಸಿಕ್ಕ ಪೈಪ್ ಮುರಿಯುತ್ತದೆ.

ಗೇಟಿನ ಡಯಾಫ್ರಮ್ ಡಬ್ಬಿಗೆ ಹೋಗುವ ಮೊದಲ ತುಂಡು ಸಿಲಿಕೋನ್ ಹೋಸ್ ಆದರೆ ಕರಗುತ್ತದೆ, ಲೋಹದ ಕೊಳವೆಯಾಗಲಿ. ಒತ್ತಡವನ್ನು ಕಂಪ್ರೆಸರ್ (ಟರ್ಬೊದಲ್ಲಿ ಗಾಳಿ ಒತ್ತುವ ಭಾಗ) ಹೊರಬಾಯಿಂದ ತೆಗೆದುಕೊಂಡು ಕೆಳಗಿನ ಪೋರ್ಟಿಗೆ ಕೊಡಿ. ಬರೀ ಮೇಲಿನ ಪೋರ್ಟಿಗೆ ಕೊಟ್ಟರೆ ಗೇಟ್ ತೆರೆಯುವುದೇ ಇಲ್ಲ, ಮೊದಲ ಟೆಸ್ಟ್ ಡ್ರೈವಿನಲ್ಲೇ ಎಂಜಿನ್ನಿನ ಕಥೆ ಮುಗಿಯಬಹುದು.

ಪರೀಕ್ಷೆ

ಎಂಜಿನ್ ತಣ್ಣಗಿರುವಾಗ ವ್ಯಾಕ್ಯೂಮ್ ಕ್ಲೀನರಿನ ಊದುವ ಕಡೆಯನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಕೊಟ್ಟು, ಕೂಡುಗಳ ಮೇಲೆ ಸೋಪು ನೀರು ಚಿಮುಕಿಸಿ. ಗುಳ್ಳೆ ಎದ್ದ ಕಡೆ ಸೋರಿಕೆ.

ಆಮೇಲೆ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ), ರಿಂಗ್ ರೋಡ್ ಅಲ್ಲ. ಬೂಸ್ಟ್ ಸಾಲೆನಾಯ್ಡ್ (ಬೂಸ್ಟ್ ನಿಯಂತ್ರಿಸುವ ವಿದ್ಯುತ್ ವಾಲ್ವ್) ಬಿಚ್ಚಿಟ್ಟು, ಗೇಟನ್ನು ಮುಚ್ಚಿ ಹಿಡಿಯುವ ಬರೀ ಸ್ಪ್ರಿಂಗಿನ ಮೇಲೆ ಓಡಿಸಿ ಬೂಸ್ಟ್ ಲಾಗ್ (ದಾಖಲಾದ ಗೆರೆ) ನೋಡಿ. 0.5 ಬಾರ್ ಸ್ಪ್ರಿಂಗ್ ಎಂದರೆ ಗೆರೆ ಹೆಚ್ಚುಕಡಿಮೆ ಅಲ್ಲೇ ಚಪ್ಪಟೆಯಾಗಿ ಓಡಬೇಕು. ಒಂದು ಕ್ಷಣ ನೆಗೆದು ಇಳಿದರೆ ಅದು ಸ್ಪೈಕ್, ಬೂಸ್ಟ್ ಕಂಟ್ರೋಲ್ ಸೆಟ್ಟಿಂಗಿನಲ್ಲಿ ಪಳಗಿಸಬಹುದು. ಆರ್‌ಪಿಎಂ ಏರಿದಂತೆ 0.6, 0.7 ಎಂದು ತೆವಳುತ್ತಾ ಹತ್ತಿದರೆ ಅದು ಕ್ರೀಪ್, ಯಾವ ಸೆಟ್ಟಿಂಗೂ ಅದನ್ನು ಇಳಿಸದು. ತಪ್ಪು ಯಾರದು ಎಂದು ತಿಳಿಯಲು ಡೈನೊ ಮೇಲೆಯೇ ಡಂಪ್ ಪೈಪ್ ಬಿಚ್ಚಿ, ಬಿಸಿ ಬಡಿಯುವ ಕಡೆಗೆ ತಗಡು ಅಡ್ಡ ಇಟ್ಟು, ಡೌನ್‌ಪೈಪಿನ ತೂತಿಗೆ ಮುಚ್ಚಳ ಹಾಕಿ ಇನ್ನೊಮ್ಮೆ ಓಡಿಸಿ. ಕ್ರೀಪ್ ಹೋಯಿತೋ, ತಪ್ಪು ಪೈಪಿನದು: ಬೆಂಡ್, ವ್ಯಾಸ ಅಥವಾ ಸೇರುವ ಕೋನ. ಹೋಗಲಿಲ್ಲವೋ, ಗೇಟಿನ ಗಾತ್ರ ಅಥವಾ ಮ್ಯಾನಿಫೋಲ್ಡಿನ ಕವಲು. ಇಷ್ಟು ಮಾಡದೆ ಪೈಪ್ ಕತ್ತರಿಸಲು ಹೋಗಬೇಡಿ.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ವಾತಾವರಣದ ಒತ್ತಡ 0.91 ಬಾರ್ ಆಸುಪಾಸು. ಸ್ಪ್ರಿಂಗ್ ಅಳೆಯುವುದು ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಹಾಗಾಗಿ ಇಲ್ಲಿ 0.8 ಬಾರ್ ಬೂಸ್ಟ್ ಎಂದರೆ ಎಂಜಿನ್ನಿಗೆ ಸಿಗುವ ನಿಜವಾದ ಒತ್ತಡ 1.71, ಅದೇ ಕಾರು ಚೆನ್ನೈಗೆ ಇಳಿದರೆ 1.81. ಇಲ್ಲಿ ನಾಕಿಂಗ್ (ಪೆಟ್ರೋಲ್ ತಾನಾಗಿ ಹೊತ್ತಿ ಎಂಜಿನ್ ಬಡಿಯುವುದು) ಅಂಚಿಗೆ ತಂದು ನಿಲ್ಲಿಸಿದ ಮ್ಯಾಪ್, ಅಲ್ಲಿನ ಸೆಕೆಯಲ್ಲಿ ಅಂಚು ದಾಟುತ್ತದೆ. ಕೆಳಗಿನ ಟ್ರ್ಯಾಕಿಗೆ ಹೋಗುವವರು ಇಗ್ನಿಷನ್ ಟೈಮಿಂಗಿನಲ್ಲಿ ಅಷ್ಟು ಜಾಗ ಬಿಟ್ಟುಕೊಂಡೇ ಟ್ಯೂನ್ ಮಾಡಿಸಬೇಕು.

ಮೊದಲ 200 ಕಿ.ಮೀ. ಓಡಿದ ಮೇಲೆ ಕಾರು ಪೂರ್ತಿ ಆರಿದಾಗ ವಿ-ಬ್ಯಾಂಡ್ ನಟ್ಟುಗಳನ್ನು ಮತ್ತೆ ಬಿಗಿಯಿರಿ, ಬ್ರಾಕೆಟ್ ಬೋಲ್ಟ್ ನೋಡಿ, ಕೂಡು ವೆಲ್ಡ್ ಸುತ್ತ ಟಾರ್ಚ್ ಬಿಡಿ. ಕೂದಲೆಳೆಯಂಥ ಕಪ್ಪು ಮಸಿಯ ಗೆರೆ ಕಂಡರೆ ಬಿರುಕು ಅಲ್ಲಿ ಆಗಲೇ ಶುರುವಾಗಿದೆ. ಮೇಲಿನಿಂದ ಇನ್ನೊಂದು ಪದರ ವೆಲ್ಡ್ ಬಳಿಯಬೇಡಿ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು, ಪೂರ್ತಿ ಕೆರೆದು ತೆಗೆದು, ಒಳಗೆ ಆರ್ಗಾನ್ ಬಿಟ್ಟು ಹೊಸದಾಗಿ ತುಂಬಿ. ಜೊತೆಗೆ ಫ್ಲೆಕ್ಸ್ ಗಟ್ಟಿಯಾಗಿದೆಯೋ, ಬ್ರಾಕೆಟ್ ಎಲ್ಲೋ ಕಾರಿನ ಬಾಡಿಯನ್ನು ಮುಟ್ಟುತ್ತಿದೆಯೋ ನೋಡಿ. ಅದು ಹಾಗೇ ಉಳಿದರೆ ಬಿರುಕೂ ಅದೇ ಜಾಗಕ್ಕೆ ಮರಳುತ್ತದೆ.