ಕುಂಡದಲ್ಲಿ ಶುಂಠಿ, ಅರಿಶಿನ: ಎರಡು ಬಗೆಯ ಹಳದಿ ಎಲೆ

ಮೊದಲ ವರ್ಷ ನಾನು ಹಾಕಿದ ಶುಂಠಿ ಪೂರ್ತಿ ಕೊಳೆತುಹೋಯಿತು. ಮೊಳಕೆ ಚೆನ್ನಾಗಿಯೇ ಬಂದಿತ್ತು. ಗಿಡ ಎರಡು ಗೇಣು ಎತ್ತರವಾಗಿತ್ತು. ಆಮೇಲೆ ಕೆಳಗಿನ ಎಲೆಗಳು ಹಳದಿಯಾಗತೊಡಗಿದವು. ನೀರು ಸಾಲುತ್ತಿಲ್ಲವೇನೋ ಅಂತ ಇನ್ನೂ ಜಾಸ್ತಿ ಹಾಕಿದೆ. ನಾಲ್ಕೈದು ದಿನ ಬಿಟ್ಟು ಒಂದು ಕಾಂಡವನ್ನು ಮೆಲ್ಲಗೆ ಎಳೆದೆ, ಸಲೀಸಾಗಿ ಕೈಗೆ ಬಂತು. ಬುಡ ಕಂದಾಗಿ ಮೆತ್ತಗಾಗಿತ್ತು. ಮಣ್ಣು ಕೆದಕಿದರೆ ಕೆಟ್ಟ ವಾಸನೆ. ಗಡ್ಡೆ ಹಿಚುಕಿದರೆ ನೀರು.

ಅದು ಗಡ್ಡೆ ಕೊಳೆ ರೋಗ. ನೀರು ನಿಂತ ಮಣ್ಣಿನಲ್ಲಿ ಪಿಥಿಯಂ ಅನ್ನುವ ಸೂಕ್ಷ್ಮಜೀವಿ ಬೆಳೆದು ಬುಡವನ್ನು ಹಿಡಿಯುತ್ತದೆ. ಬುಡ ಮೆತ್ತಗಾದ ಮೇಲೆ ಆ ಗಿಡದ ಆಸೆ ಬಿಡಬೇಕು. ಕಿತ್ತು ದೂರ ಹಾಕಿ. ಆ ಮಣ್ಣಲ್ಲಿ ಮತ್ತೆ ಶುಂಠಿ, ಅರಿಶಿನ ಹಾಕಬೇಡಿ.

ಆಮೇಲೆ ನಾನು ಬದಲಾಯಿಸಿದ್ದು ಮಣ್ಣು ಮತ್ತು ನೀರು, ಅಷ್ಟೇ. ಈಗ ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೂರನ್ನೂ ಸಮ ಪಾಲು ಬೆರೆಸಿ, ಎರಡು ಬೊಗಸೆ ದಪ್ಪ ಮರಳು ಸೇರಿಸುತ್ತೇನೆ. ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಉದುರದಿದ್ದರೆ ಇನ್ನೊಂದಿಷ್ಟು ಮರಳು ಬೇಕು ಅಂತ ಅರ್ಥ. ಗಡ್ಡೆ ಪಕ್ಕಕ್ಕೆ ಹರಡುವುದರಿಂದ ಕುಂಡಕ್ಕೆ ಆಳಕ್ಕಿಂತ ಅಗಲ ಮುಖ್ಯ. ನಾನು ಒಂದು ಅಡಿ ಆಳ, ಒಂದೂವರೆ ಅಡಿ ಅಗಲದ ಗ್ರೋ ಬ್ಯಾಗನ್ನು (ಗಿಡ ಬೆಳೆಸುವ ಚೀಲ) ಎರಡು ಇಟ್ಟಿಗೆ ಮೇಲೆ ಇಡುತ್ತೇನೆ. ತಳದ ತೂತುಗಳಿಂದ ನೀರು ಇಳಿದು ಹೋಗುವುದು ಕಣ್ಣಿಗೆ ಕಾಣಬೇಕು.

ಬಿತ್ತನೆಗೆ ಸುಕ್ಕಿಲ್ಲದ, ಕಣ್ಣು (ಮೊಳಕೆ ಒಡೆಯುವ ಜಾಗ) ಉಬ್ಬಿದ ಗಡ್ಡೆ ಆರಿಸಿ. ಪ್ರತಿ ತುಂಡಿನಲ್ಲೂ ಎರಡು ಕಣ್ಣಿರಲಿ, 30–40 ಗ್ರಾಂ ತೂಗಲಿ. ಕತ್ತರಿಸಿದ ಕೂಡಲೇ ನೆಡಬೇಡಿ. ಎರಡು ದಿನ ನೆರಳಲ್ಲಿಟ್ಟರೆ ಕೊಯ್ದ ಜಾಗ ಒಣಗಿ ತೆಳು ಪೊರೆ ಕಟ್ಟುತ್ತದೆ. ಚಳಿ ಕಳೆದು ಸೆಕೆ ಶುರುವಾದ ಮೇಲೆ, ಕಣ್ಣು ಮೇಲ್ಮುಖವಾಗಿ, 5 ಸೆಂಟಿಮೀಟರ್ ಆಳಕ್ಕೆ ನೆಡಿ.

ನೆಟ್ಟ ದಿನ ಒಮ್ಮೆ ನೀರು. ಆಮೇಲೆ ಬೆರಳು ಚುಚ್ಚಿ ನೋಡಿ, ಮೇಲಿನ ಒಂದು ಇಂಚು ಒಣಗಿದ್ದರೆ ಮಾತ್ರ ಸ್ವಲ್ಪ ಚಿಮುಕಿಸಿ. ಎಲೆ, ಬೇರು ಇನ್ನೂ ಇಲ್ಲ, ನೀರು ಕುಡಿಯುವವರು ಯಾರು ಅಲ್ವಾ? ಶುಂಠಿ ಮೂರ್ನಾಲ್ಕು ವಾರಕ್ಕೆ ಮೊಳೆಯುತ್ತದೆ. ಅರಿಶಿನ ಕೆಲವೊಮ್ಮೆ ಒಂದು ತಿಂಗಳು ದಾಟಿಸುತ್ತದೆ. ಏನಾಯಿತೋ ಅಂತ ಕೆದಕಿದರೆ ಮೊಳಕೆಯ ತುದಿ ಮುರಿಯುತ್ತದೆ, ಸುಮ್ನೆ ಬಿಟ್ಟುಬಿಡಿ.

ಶುಂಠಿಗೆ ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನ ನೆರಳಿರಲಿ. ಅರಿಶಿನ ಇನ್ನೂ ಸ್ವಲ್ಪ ಬಿಸಿಲು ತಡೆಯುತ್ತದೆ.

ಎರಡು ತಿಂಗಳಾದ ಮೇಲೆ ಬುಡ ಗಮನಿಸಿ. ಮಣ್ಣಿನ ಮೇಲೆ ಬಿಳಿ ಗಡ್ಡೆ, ಅದರ ತುದಿಯಲ್ಲಿ ನಸುಗೆಂಪು ಮೊಗ್ಗು ಇಣುಕುತ್ತಿರುತ್ತದೆ. ಅದು ಮುಚ್ಚುವಷ್ಟು ಗೊಬ್ಬರ ಬೆರೆತ ಮಣ್ಣು ಏರಿಸಿ, ಮೇಲೆ ಒಣ ಎಲೆ ಹೊದಿಸಿ. ನಾನು ತಿಂಗಳಿಗೊಮ್ಮೆಯಂತೆ ಮೂರು ಸಲ ಮಣ್ಣು ಏರಿಸುತ್ತೇನೆ. ಅದಕ್ಕೇ ನೆಡುವಾಗ ಬ್ಯಾಗನ್ನು ಮುಕ್ಕಾಲು ಮಾತ್ರ ತುಂಬಬೇಕು. ನನ್ನ ಗಡ್ಡೆ ದಪ್ಪವಾಗಲು ಶುರುವಾದದ್ದು ಈ ಕೆಲಸ ರೂಢಿಯಾದ ಮೇಲೆಯೇ.

ಎಂಟೊಂಬತ್ತು ತಿಂಗಳಿಗೆ ಎಲೆ ಮತ್ತೆ ಹಳದಿಯಾಗುತ್ತದೆ. ಎರಡನೇ ವರ್ಷ ಅದನ್ನು ನೋಡಿ ಎದೆ ಧಸಕ್ಕೆಂದಿತ್ತು. ಆದರೆ ಈ ಹಳದಿ ಬೇರೆ. ಎಲ್ಲ ಗಿಡವೂ ಹೆಚ್ಚುಕಡಿಮೆ ಒಟ್ಟಿಗೇ ಬಣ್ಣ ತಿರುಗುತ್ತವೆ. ಬುಡ ಹಿಡಿದರೆ ಗಟ್ಟಿಯಾಗಿರುತ್ತದೆ, ಎಳೆದರೆ ಬರುವುದಿಲ್ಲ. ಆಗ ನೀರು ನಿಲ್ಲಿಸಿ. ಎಲೆ ಪೂರ್ತಿ ಒಣಗಿದ ಮೇಲೆ ಅಗೆಯಿರಿ. ಎಳೆ ಶುಂಠಿ ಬೇಕಿದ್ದರೆ ಅಷ್ಟು ಕಾಯಬೇಕಿಲ್ಲ. ಆರನೇ ತಿಂಗಳಲ್ಲಿ ಒಂದು ಮೂಲೆಯಿಂದ ಮುರಿದುಕೊಳ್ಳಿ. ಸಿಪ್ಪೆ ಉಗುರಿಗೇ ಬಿಡುತ್ತದೆ, ನಾರೂ ಇರುವುದಿಲ್ಲ.

ಅರಿಶಿನದಲ್ಲಿ ನಡುವಿನ ತಾಯಿಗಡ್ಡೆ ಬೇರೆ, ಬೆರಳಿನಂಥ ಮರಿಗಳು ಬೇರೆ. ಪುಡಿಗೆ ನಾನು ಬೆರಳುಗಳನ್ನು ತೊಳೆದು, ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯುವ ತನಕ ಬೇಯಿಸುತ್ತೇನೆ. ಮುರಿದರೆ ಟಕ್ಕಂತ ಸದ್ದು ಬರುವವರೆಗೆ ಎರಡು ವಾರ ಬಿಸಿಲಲ್ಲಿ ಒಣಗಬೇಕು. ಐದು ಕಿಲೋ ಹಸಿಗೆ ಸುಮಾರು ಒಂದು ಕಿಲೋ ಒಣ ಅರಿಶಿನ ಸಿಗುತ್ತದೆ. ತಾಯಿಗಡ್ಡೆಗಳನ್ನು ಬೇಯಿಸದೆ, ಮುಂದಿನ ಸಲದ ಬಿತ್ತನೆಗೆ ಒಣ ಮರಳಲ್ಲಿ ಹೂತಿಡುತ್ತೇನೆ.